ಬೇಲಿಯ ಬುಡದ ಗಾರೆ

ನಮ್ಮ ಗೋವಿಂದನಹಳ್ಳಿಗೆ ಬರುವ ಪರವೂರಿನವರು ಪಂಚಲಿಂಗೇಶ್ವರ ದೇವಾಲಯವನ್ನು ನೋಡಿಕೊಂಡು ಹಿಂದಿರುಗುತ್ತಾರೆ. ಹೊಯ್ಸಳರ ಕಾಲದ, 13ನೇ ಶತಮಾನದ ಕಲ್ಲಿನ ಕೆಲಸ. ಒಂದೇ ಸಾಲಿನಲ್ಲಿ ಐದು ಗರ್ಭಗುಡಿಗಳು. ನಾನು ಹೇಳಹೊರಟಿರುವುದು ಅಷ್ಟು ದೊಡ್ಡ ಸಂಗತಿಯನ್ನಲ್ಲ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವ ಎರಡಡಿ ಅಗಲದ ಜಾಗದ ಕಥೆಯನ್ನು.

ಮೂರು ವರ್ಷಗಳ ಹಿಂದೆ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದಾಗ ಆ ಜಾಗಕ್ಕಾಗಿ ಮಾತಿಗೆ ಮಾತು ಬೆಳೆಯಿತು. ಅಳತೆ ಮಾಡಿಸಿ ಗಡಿಕಲ್ಲು ನೆಟ್ಟರೂ ಮನಸ್ಸು ತಿಳಿಯಾಗಲಿಲ್ಲ. ನಾನು ಆಳೆತ್ತರದ ಗೋಡೆ ಎಬ್ಬಿಸಲು ಹೊರಟೆ. ಅಮ್ಮ ತಡೆದರು. "ಗೋಡೆ ಕಟ್ಟೋದು ನಾಲ್ಕು ದಿನದ ಕೆಲಸ ಮಗಾ. ಆಮೇಲೆ ಅದನ್ನ ಕೆಡವೋಕೆ ಯಾರಿಗೂ ಮನಸ್ಸು ಬರಲ್ಲ. ಹೂವಿನ ಗಿಡ ಹಾಕು."

ಚಿಕ್ಕಂದಿನಲ್ಲಿ ಅಬ್ಬಾ ಕರೆದೊಯ್ದು ತೋರಿಸಿದ್ದ ಎರಡು ತೋಟಗಳು ನೆನಪಾದವು. ಒಂದು, 1784ರಲ್ಲಿ ಟಿಪ್ಪು ಸುಲ್ತಾನ್ ಅರಮನೆ ಕಟ್ಟಿಸಿದ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್. ಇನ್ನೊಂದು, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ರೂಪುಗೊಂಡ ಬೃಂದಾವನ. ಅಲ್ಲಿನ ಗಿಡ್ಡ ಗಿಡಗಳ ಸಾಲು ದಾರಿ ತೋರಿಸುತ್ತದೆಯೇ ಹೊರತು ನೋಟವನ್ನು ತಡೆಯುವುದಿಲ್ಲ.

ಮೈಸೂರಿನ ನರ್ಸರಿಯೊಂದರಿಂದ ಗಿಡ್ಡ ಜಾತಿಯ 12 ಇಕ್ಸೋರಾ ತಂದೆ. ಕರಾವಳಿಯವರು ಕೇಪಳ ಎನ್ನುವ ಬಳಗದ್ದು. ಎರಡಡಿಗೊಂದರಂತೆ ನೆಟ್ಟೆ. ಎರಡೇ ತಿಂಗಳಲ್ಲಿ ಎಲೆಗಳು ಹಳದಿಯಾದವು. ನರಗಳು ಮಾತ್ರ ಹಸಿರು. ನನಗೆ ಹೊಳೆದ ಕಾರಣ ಒಂದೇ: ಪಕ್ಕದವರು ಸೋಪಿನ ನೀರು ಸುರಿಯುತ್ತಿದ್ದಾರೆ! ಒಂದು ಸಂಜೆ ಅವರಿಗೆ ಕೇಳುವಂತೆಯೇ ಅಂದುಬಿಟ್ಟೆ. ಆ ಮನೆಯ ಅಜ್ಜಿ ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನರ್ಸರಿಯ ಕೆಲಸಗಾರನಿಗೆ ಎಲೆ ತೋರಿಸಿದೆ. "ಮನೆ ಹೊಸದಾಗಿ ಕಟ್ಟಿಸಿದ್ದೀರಾ ಸಾರ್?" ಎಂದು ಕೇಳಿದ. ಇಕ್ಸೋರಾಕ್ಕೆ ತುಸು ಹುಳಿ ಗುಣದ ಮಣ್ಣು ಬೇಕು. ಸುಣ್ಣ, ಸಿಮೆಂಟು ಬೆರೆತ ಮಣ್ಣು ಕ್ಷಾರವಾಗುತ್ತದೆ. ಅಲ್ಲಿ ಕಬ್ಬಿಣದ ಅಂಶವಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಊರಿಗೆ ಬಂದು ಬುಡ ಅಗೆದೆ. ನಮ್ಮದೇ ಮನೆಯ ಗಾರೆಯ ಚೂರು ಬುಟ್ಟಿಗಟ್ಟಲೆ ಬಂತು.

ಆ ಬಾಗಿಲು ತಟ್ಟುವುದು ಅಗೆಯುವುದಕ್ಕಿಂತ ಕಷ್ಟವಾಯಿತು. ಒಂದು ಚೂರನ್ನು ಕೈಯಲ್ಲಿ ಹಿಡಿದೇ ಹೋದೆ. "ತಪ್ಪು ನಂದೇ ಅಜ್ಜಿ" ಎಂದೆ. ಅವರು ಅದನ್ನು ತಿರುಗಿಸಿ ನೋಡಿದರು. "ತಿಪ್ಪೇಲಿ ಹಳೇ ಗೊಬ್ಬರ ಐತೆ, ತಗೊಂಡೋಗಪ್ಪ" ಎಂದರು. ಅಷ್ಟೇ.

ಒಂದೂವರೆ ಅಡಿ ಆಳದವರೆಗೆ ಕಸ ತೆಗೆದು ಕೆಂಪು ಮಣ್ಣು, ಎಲೆಗೊಬ್ಬರ, ಅಜ್ಜಿ ಕೊಟ್ಟ ಗೊಬ್ಬರ ತುಂಬಿದೆ. ಏಳು ಗಿಡಗಳು ಉಳಿದವು. ಸತ್ತವುಗಳ ಜಾಗದಲ್ಲಿ ಅಜ್ಜಿಯ ಪೂಜೆಗೆಂದು ನಾಲ್ಕು ಗಿಡ್ಡ ನಂದಿಬಟ್ಟಲು, ತುದಿಯಲ್ಲಿ ಅಮ್ಮನಿಗೊಂದು ಗೋರಂಟಿ ಬಂದವು.

ಆಮೇಲೂ ನಾನು ಒಂದು ತಪ್ಪು ಮಾಡಿದೆ. ಸಾಲು ನೇರವಾಗಿರಲೆಂದು ವಾರವಾರ ಕತ್ತರಿ ಆಡಿಸಿದೆ, ಹೂವೇ ಇಲ್ಲ. ಇಕ್ಸೋರಾದ ಮೊಗ್ಗು ಮೂಡುವುದು ಚಿಗುರಿನ ತುದಿಯಲ್ಲಿ. "ತಲೆ ಎತ್ತೋಕೇ ಬುಡದಿದ್ರೆ ಹೂವು ಎಲ್ಲಿಂದ ಬಂದಾತು?" ಎಂದು ಅಜ್ಜಿ ನಕ್ಕರು. ಈಗ ಹೂವು ಮುಗಿದ ಮೇಲಷ್ಟೇ ಸವರುತ್ತೇನೆ. ಸಾಲು ತುಸು ಅಂಕುಡೊಂಕು.

ಕಳೆದ ಈದ್‌ನ ಹಿಂದಿನ ಸಂಜೆ ಎರಡೂ ಮನೆಯ ಮಕ್ಕಳು ಗೋರಂಟಿ ಸೊಪ್ಪು ಕಿತ್ತರು. ಗಡಿಕಲ್ಲು ಅಲ್ಲಿಯೇ ಇದೆ. ನೋಡಬೇಕೆಂದರೆ ಕೊಂಬೆಗಳನ್ನು ಸರಿಸಬೇಕು.