ಮದುವೆಯ ಪಟಗಳು ಎಷ್ಟಿರಬೇಕು?

ಕಳೆದ ಮಾಘದಲ್ಲಿ ನಮ್ಮ ಕಿರಿಯ ಮಗಳ ವಿವಾಹವು ನಿಶ್ಚಯವಾದಾಗ, ಪುರೋಹಿತರನ್ನೂ ಅಡಿಗೆಯವರನ್ನೂ ಗೊತ್ತುಮಾಡಲು ನಮಗೆ ಒಂದು ಸಂಜೆ ಸಾಕಾಯಿತು. ಪಟ ತೆಗೆಯುವವರ ವಿಚಾರ ಮಾತ್ರ ಮೂರು ವಾರ ಕಳೆದರೂ ಬಗೆಹರಿಯಲಿಲ್ಲ. ಕುಂಬಳೆ ಪೇಟೆಯಿಂದ ಬಂದ ಛಾಯಾಗ್ರಾಹಕರು ನಮ್ಮ ಮುಂದೆ ಒಂದು ಪಟ್ಟಿಯನ್ನಿಟ್ಟರು: ಮದುವೆಗೆ ಮುಂಚೆಯೇ ವಧೂವರರನ್ನು ಬೇಕಲದ ಕೋಟೆಗೆ ಕರೆದೊಯ್ದು ತೆಗೆಯುವ ಚಿತ್ರಗಳು, ಹಿಂದಿನ ದಿನದ ಮೆಹಂದಿ, ಧಾರೆಯ ದಿನ ನಾಲ್ವರು ಕೆಲಸಗಾರರು, ಆಕಾಶದಿಂದ ಚಿತ್ರಿಸಲು ಡ್ರೋನ್, ಸಂಜೆಯ ಔತಣ.

ಮಗಳಿಗೆ ಎಲ್ಲವೂ ಬೇಕು. ನಮಗೆ ಹೆಚ್ಚಿನದು ಯಾವುದೂ ಬೇಡ. “ಚಪ್ಪರದೊಳಗೆ ನಡೆಯುವ ಧಾರೆ ಆಕಾಶದಿಂದ ಹೇಗೆ ಕಂಡೀತು, ಮಗಳೇ?” ಎಂದು ಕೇಳಿದೆವು. “ನಿಮ್ಮ ಕಾಲದಂತೆ ಹನ್ನೆರಡು ಪಟ ಸಾಕೇ?” ಎಂದು ಅವಳು ನಕ್ಕಳು.

ಹನ್ನೆರಡೆಂಬುದು ನಿಜ. ನಮ್ಮ ವಿವಾಹವಾದದ್ದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ 1984ರಲ್ಲಿ. ಪಟ ತೆಗೆಯಲು ಬಂದಾತನ ಕ್ಯಾಮರಾದಲ್ಲಿ ಒಂದು ಸುರುಳಿಗೆ 12 ಚೌಕ ಪಟಗಳು. ದೊಡ್ಡಪ್ಪನವರು ಒಪ್ಪಿದ್ದು ಒಂದೇ ಸುರುಳಿಗೆ. ದಿಬ್ಬಣ, ಮಾಲೆ, ಧಾರೆ, ಸಪ್ತಪದಿ, ಬಂಧುಗಳ ಗುಂಪು ಎನ್ನುವಷ್ಟರಲ್ಲಿ ಸುರುಳಿ ಮುಗಿದಿತ್ತು.

ಇಷ್ಟೇ ಪಟಗಳಿಂದ ನಮಗೇನು ಕೊರತೆಯಾಯಿತೆಂದು ವಾದಿಸುವ ಹುಮ್ಮಸ್ಸಿನಿಂದ ಹಳೆಯ ಆಲ್ಬಮನ್ನು ಅಟ್ಟದಿಂದ ಇಳಿಸಿದೆವು. ಮಗಳು ಪುಟ ಮಗುಚುತ್ತ ಹೋಗಿ, “ಇದರಲ್ಲಿ ಅಜ್ಜಿ ಎಲ್ಲಿ?” ಎಂದು ಕೇಳಿದಳು.

ನಾವು ನಿರುತ್ತರರಾದೆವು. ನಮ್ಮಲ್ಲೊಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಇಬ್ಬರೂ ಕರೆಯುತ್ತಿದ್ದುದು ಅಮ್ಮನೆಂದೇ. ಆಗ ಅವರು ವಿಧವೆ. ಧಾರೆಯ ಹೊತ್ತಿಗೆ ಮಂಟಪದ ಬಳಿಗೆ ಬರಲಿಲ್ಲ. ಬನ್ನಿರೆಂದು ಯಾರೂ ಕರೆಯಲಿಲ್ಲ, ನಾವೂ ಕರೆಯಲಿಲ್ಲ. ಏಳನೆಯ ಪಟದಲ್ಲಿ, ನಮ್ಮ ಬೆನ್ನ ಹಿಂದಿನ ಒಳಬಾಗಿಲಿನ ಸಂದಿಯಲ್ಲಿ, ಮಾಸಲು ಸೆರಗಿನ ಅಂಚೂ ಬಾಗಿಲನ್ನು ಹಿಡಿದ ನಾಲ್ಕು ಬೆರಳುಗಳೂ ಕಾಣುತ್ತವೆ. ಅಷ್ಟೇ ಅಮ್ಮ. 1991ರಲ್ಲಿ ಅವರು ತೀರಿಕೊಂಡಾಗ, ಬ್ಯಾಂಕಿನ ಅರ್ಜಿಗೆಂದು ತೆಗೆಸಿದ್ದ ಬೆರಳಗಲದ ಪಟವನ್ನು ದೊಡ್ಡದು ಮಾಡಿಸಿ ಗೋಡೆಗೆ ತೂಗಹಾಕಿದೆವು. ದೊಡ್ಡದಾದಷ್ಟೂ ಕಣ್ಣುಗಳು ಮಸುಕಾದವು.

“ಇನ್ನೂ ಹೆಚ್ಚು ಪಟ ತೆಗೆಸಿದ್ದರೆ ಅಜ್ಜಿ ಸಿಗುತ್ತಿದ್ದರೇ?” ಎಂದು ಮಗಳು ಕೇಳಿದಳು. ಇಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ಸಾವಿರ ಪಟ ತೆಗೆಸಿದ್ದರೂ ಅವರು ಆ ಬಾಗಿಲ ಹಿಂದೆಯೇ ಇರುತ್ತಿದ್ದರು.

ಆ ರಾತ್ರಿ ಅವಳು ಛಾಯಾಗ್ರಾಹಕರ ಪಟ್ಟಿಯ ಹಿಂಬದಿಯಲ್ಲಿ, ತನ್ನ ಮದುವೆಯ ಪಟಗಳಲ್ಲಿ ಇರಲೇಬೇಕಾದವರ ಹೆಸರುಗಳನ್ನು ಬರೆಯತೊಡಗಿದಳು. ಮೊದಲನೆಯದು ಅವಳ ಸೋದರತ್ತೆಯದು. ಭಾವನವರು ತೀರಿಕೊಂಡು ನಾಲ್ಕು ವರ್ಷಗಳಾದ ಆ ಅಕ್ಕ, “ನಾನು ಅಡಿಗೆಮನೆಯಿಂದಲೇ ನೋಡುತ್ತೇನೆ” ಎಂದು ಆಗಲೇ ಹೇಳಿ ಕಳುಹಿಸಿದ್ದರು.

ಕೊನೆಗೆ ನಾವು ನಿಶ್ಚಯಿಸಿದ್ದು ಹೀಗೆ: ಬೇಕಲದ ಚಿತ್ರಗಳೂ ಡ್ರೋನೂ ಬೇಡ. ಪಟಕ್ಕೊಬ್ಬರು, ವೀಡಿಯೋಗೊಬ್ಬರು. ದಿಬ್ಬಣ ಬರುವ 9 ಗಂಟೆಯಿಂದ ಎರಡನೆಯ ಪಂಕ್ತಿ ಏಳುವ 2 ಗಂಟೆಯವರೆಗೆ ಐದು ತಾಸು. ಧಾರೆಯ ಹೊತ್ತಿಗೆ ಅವರು ಒಂದೇ ಬದಿಯಲ್ಲಿರಬೇಕು. ಕುಳಿತವರಿಗೆ ಅವರ ಬೆನ್ನು ಮಾತ್ರ ಕಾಣುವಂತಾಗಬಾರದು. ಮುಹೂರ್ತಕ್ಕೆ ಮೊದಲು ಅರ್ಧ ಗಂಟೆ ಹಿರಿಯರಿಗೂ ಅಡಿಗೆಯವರಿಗೂ ಮೀಸಲು. ಅಚ್ಚು ಹಾಕಿಸಿದ 60 ಪಟಗಳ ಹಿಂದೆ ಹೆಸರನ್ನೂ ಸಂಬಂಧವನ್ನೂ ಕನ್ನಡದಲ್ಲಿ ಬರೆಯಬೇಕು.

ವೈಶಾಖದ ಆ ಬೆಳಗ್ಗೆ ಮದುಮಗಳು ತಾನೇ ಅಡಿಗೆಮನೆಗೆ ಹೋಗಿ ಅತ್ತೆಯ ಕೈಹಿಡಿದು ಹೊರಗೆ ಕರೆತಂದಳು. ಒಬ್ಬಿಬ್ಬರು ಹಿರಿಯರು ಮುಖ ತಿರುಗಿಸಿದರು. ನಾವು ಮಂಟಪದ ಪಕ್ಕದಲ್ಲಿ ಕುರ್ಚಿಯಿಟ್ಟೆವು. ಮೊನ್ನೆ ಮನೆಗೆ ಬಂದಿದ್ದ ಅಕ್ಕ ಆ ಪಟವನ್ನು ಕೇಳಿ ತರಿಸಿಕೊಂಡು, ಕನ್ನಡಕವಿಟ್ಟು ಬಹಳ ಹೊತ್ತು ನೋಡಿ, “ಇದಕ್ಕಿಂತ ಒಳ್ಳೆಯ ಸೀರೆ ಉಡಬಹುದಿತ್ತು” ಎಂದರು.

ಮನೆಯಲ್ಲಿ ಮದುವೆಯಿರುವ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಎಷ್ಟು ಪಟವೆಂದು ಲೆಕ್ಕ ಹಾಕುವ ಮೊದಲು, ಒಳಬಾಗಿಲಿನ ಸಂದಿಯಲ್ಲಿ ಯಾರು ನಿಂತಿದ್ದಾರೆಂದು ಒಮ್ಮೆ ನೋಡಿಬನ್ನಿರಿ.