ನೂರು ಚದರಡಿಗೆ ನೂರೈವತ್ತು

ನಮ್ಮ ದಕ್ಷಿಣ ಕನ್ನಡದಲ್ಲಿ ಮನೆ ಎಂದರೆ ಮೊದಲು ಮಾಡು, ಆಮೇಲೆ ಗೋಡೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಲ್ಲಿ ಗೋಡೆ ಮಣ್ಣಿನದೋ ಮುರಕಲ್ಲಿನದೋ ಎಂದು ಯಾರೂ ಕೇಳುವುದಿಲ್ಲ. ‘ಸೋರುತ್ತದಾ?’ ಎಂದು ಕೇಳುತ್ತಾರೆ.

ನನ್ನ ಅಜ್ಜಿ ಮದುವೆಯಾಗಿ ಬಂದಾಗ ನಮ್ಮ ಮನೆಯದ್ದು ಮುಳಿಹುಲ್ಲಿನ ಮಾಡು. ಗುಡ್ಡದ ಮುಳಿಯನ್ನು ಕೊಯ್ದು, ಕಟ್ಟಿ, ಹೊತ್ತು ತಂದು, ಮಳೆ ಹಿಡಿಯುವ ಮೊದಲು ಹೊಸದಾಗಿ ಹೊದೆಸಬೇಕು. ಒಬ್ಬಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಇವತ್ತು ನೆರೆಕರೆಯವರೆಲ್ಲ ಇಲ್ಲಿಗೆ, ನಾಳೆ ಇಲ್ಲಿಯವರೆಲ್ಲ ಅಲ್ಲಿಗೆ. ಸಂಬಳದ ಲೆಕ್ಕವಿಲ್ಲ, ಗಂಜಿಯೂಟದ ಲೆಕ್ಕ. ಬೇಲಿಯ ಜಗಳದಲ್ಲಿ ಮಾತು ಬಿಟ್ಟಿದ್ದ ಆಚೆಮನೆಯವರೂ ಆ ದಿನ ಬಾಯಿ ಬಿಡಲೇಬೇಕಿತ್ತಂತೆ. ಕೆಳಗಿನವನು ಮಾತಾಡದೆ ಹುಲ್ಲಿನ ಕಟ್ಟು ಎಸೆದರೆ ಮೇಲಿನವನು ಹಿಡಿಯುವುದು ಹೇಗೆ?

ಇದನ್ನೆಲ್ಲ ಕೇಳಿ ನಾನು ‘ಎಷ್ಟು ಚೆಂದ ಇತ್ತಲ್ಲ ಅಜ್ಜಿ’ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ‘ಚೆಂದ! ಆಟಿ ತಿಂಗಳಲ್ಲಿ ಅದರಡಿ ಮಲಗಿದ್ದೀಯಾ? ಮೇಲಿನಿಂದ ಚೇಳು ಬೀಳುತ್ತಿತ್ತು. ಬೇಸಗೆಯಲ್ಲಿ ಒಲೆಯ ಕಿಡಿ ಹಾರಿದರೆ ಉಟ್ಟ ಬಟ್ಟೆಯಲ್ಲಿ ಅಂಗಳಕ್ಕೆ ಓಡಬೇಕು.’ ಹಂಚು ಬಂದ ವರ್ಷವನ್ನು ಅವರು ಮಕ್ಕಳು ಹುಟ್ಟಿದ ವರ್ಷಗಳ ಜೊತೆಗೇ ನೆನಪಿಟ್ಟಿದ್ದರು.

ಆ ಹಂಚು ಹುಟ್ಟಿದ್ದು ಮಂಗಳೂರಿನಲ್ಲೇ ಆದರೂ ಅದರ ಜಾತಕ ಬರೆದದ್ದು ಯುರೋಪಿನಲ್ಲಿ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವ ಹಂಚಿಗೆ ಅಲ್ಸೇಸಿನ ಆಲ್ಟ್‌ಕಿರ್ಕ್ ಎಂಬ ಊರಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಪಡೆದಿದ್ದರು. ಇತ್ತ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಮತಾಂತರವಾದವರಿಗೆ ಜಾತಿಯ ಜೊತೆ ಕಸುಬೂ ಗೇಣಿಯ ಭೂಮಿಯೂ ಕೈಬಿಟ್ಟು ಹೋಗುತ್ತಿದ್ದವು. ಆತ್ಮದ ವಿಚಾರ ಹಾಗಿರಲಿ, ಹೊಟ್ಟೆಯ ವಿಚಾರಕ್ಕೆ ಏನಾದರೂ ಮಾಡಬೇಕಿತ್ತು. ಗಡಿಯಾರ ಮಾಡುವುದನ್ನೂ ಪ್ರಯತ್ನಿಸಿ ನೋಡಿದರು, ಕೈಹತ್ತಲಿಲ್ಲ. ನೇಯ್ಗೆ ಹತ್ತಿತು, ಅಚ್ಚುಕೂಟ ಹತ್ತಿತು. ಆ ಅಚ್ಚುಕೂಟದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬಾತನೇ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಕೈಗೆತ್ತಿಕೊಂಡವನು. ಜೆಪ್ಪುವಿನಲ್ಲಿ ಕಾರ್ಖಾನೆ ಎದ್ದಿತು. ಮಿಶನ್ನಿನ ಹಂಚಿನ ಮೇಲೆ 1865 ಎಂದು ಒತ್ತಿರುತ್ತದೆ. ಮಣ್ಣು ಹದಮಾಡುವ ಯಂತ್ರವನ್ನು ಮೊದಮೊದಲು ಎತ್ತುಗಳು ತಿರುಗಿಸಿದವು, ಆಮೇಲೆ ಆವಿ ತಿರುಗಿಸಿತು. ಊರಿನವರೂ ಸುಮ್ಮನೆ ಕೂರಲಿಲ್ಲ. ಆಲ್ಬುಕರ್ಕ್ ಮನೆತನದ ಹಂಚಿನ ಮೇಲಿರುವ ವರ್ಷ 1868. ನೋಡುನೋಡುತ್ತ ಎರಡು ಹೊಳೆಗಳ ದಂಡೆಗಳ ತುಂಬ ಚಿಮಿಣಿಗಳು.

ಅದಕ್ಕೆ ಮೊದಲು ಹಂಚು ಇರಲಿಲ್ಲವೆಂದಲ್ಲ. ಕುಂಬಾರರು ತಿಗುರಿಯ ಮೇಲೆ ಕೊಳವೆಯಂತೆ ಎತ್ತಿ, ಸೀಳಿ, ಸುಟ್ಟು ಕೊಡುತ್ತಿದ್ದ ನಾಡಹಂಚಿತ್ತು. ಅದನ್ನು ಪದರದ ಮೇಲೆ ಪದರ ಜೋಡಿಸಬೇಕು, ಆ ಭಾರ ಹೊರಲು ದಪ್ಪ ಮರಮಟ್ಟು ಬೇಕು. ಕಾರ್ಖಾನೆಯ ಹಂಚಿಗೆ ಒಂದೇ ಪದರ ಸಾಕು. ರೀಪಿಗೆ ಸಿಕ್ಕಿಸಿಬಿಟ್ಟರೆ ಕೆಲಸ ಮುಗಿಯಿತು. ನೂರು ಚದರಡಿಗೆ ಸುಮಾರು 150 ಹಂಚು, ಬಡಗಿಗೆ ಬಾಯಿಪಾಠ. ಮನೆ ಕಟ್ಟುವ ಮೊದಲೇ ಮಾಡಿನ ಖರ್ಚನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳಬಹುದಾಗಿತ್ತು. ಮುಳಿಯ ಕಾಲದ ಯಜಮಾನನಿಗೆ ಈ ಸುಖ ಇರಲಿಲ್ಲ. ಅವನು ಎಣಿಸಬೇಕಾದದ್ದು ಹುಲ್ಲನ್ನಲ್ಲ, ತನ್ನ ಮನೆಗೆ ಬರುವ ಜನರನ್ನು.

ಬಂದರಿನಿಂದ ಮಂಜಿಗಳು ಇದೇ ಹಂಚನ್ನು ತುಂಬಿಕೊಂಡು ಕರಾವಳಿಯುದ್ದಕ್ಕೂ, ಕಡಲಾಚೆಗೂ ಹೋದವು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಷ್ಟರಲ್ಲಿ ಹಂಚು ನಮಗಿಂತ ಹೆಚ್ಚು ಊರು ಸುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಶನ್ನಿನ ಕಾರ್ಖಾನೆಗಳನ್ನು ಕಿತ್ತುಕೊಂಡರು, ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಕಂಪನಿಗೆ ಹೋದವು. ಹಂಚಿಗೆ ಏನೂ ಅನಿಸಲಿಲ್ಲ.

ಅಮ್ಮನ ಸೋದರಮಾವ ಇಂಥದೊಂದು ಕಾರ್ಖಾನೆಯಲ್ಲಿ ಅಚ್ಚಿನ ಯಂತ್ರದ ಮುಂದೆ ನಿಂತವರು. ಬೇಸಾಯದ ಮನೆಯ ಹುಡುಗನಿಗೆ ಕಾರ್ಖಾನೆಯ ಕೂಗಿಗೆ ಸರಿಯಾಗಿ ಏಳುವುದು, ಉಣ್ಣುವುದು ರೂಢಿಯಾಗಲು ಬಹಳ ಕಾಲ ಹಿಡಿಯಿತಂತೆ. ಆಮೇಲೆ ಅದು ಬಿಟ್ಟು ಹೋಗಲೂ ಇಲ್ಲ, ನಿವೃತ್ತಿಯಾದ ಮೇಲೂ ಹನ್ನೆರಡಕ್ಕೆ ಬಟ್ಟಲ ಮುಂದೆ ಹಾಜರು. ಯಾರ ಮನೆಗೆ ಹೋದರೂ ನೀರು ಬೆಲ್ಲ ಮುಟ್ಟುವ ಮೊದಲು ತಲೆಯೆತ್ತಿ ಮಾಡು ನೋಡುತ್ತಿದ್ದರು. ಬಣ್ಣ ನೋಡಿ ಯಾವ ಕಾರ್ಖಾನೆಯದ್ದು, ಗೂಡಿನಲ್ಲಿ ಬೆಂಕಿ ಜಾಸ್ತಿಯಾಯಿತೋ ಕಡಿಮೆಯಾಯಿತೋ ಹೇಳುತ್ತಿದ್ದರು. ‘ಇದರಲ್ಲಿ ನಿಮ್ಮ ಕೈಯದ್ದು ಯಾವುದು ಮಾವ?’ ಎಂದು ಕೇಳಿದ್ದೆ. ನಕ್ಕುಬಿಟ್ಟರು. ಕುಂಬಾರನಿಗೆ ಸಂತೆಯಲ್ಲಿ ಕಂಡರೂ ತನ್ನ ಮಡಕೆಯ ಗುರುತು ಹತ್ತುತ್ತದೆ. ಅದೆಷ್ಟೋ ಸಾವಿರ ಹಂಚು ಒತ್ತಿದ ಮಾವನಿಗೆ ಒಂದಾದರೂ ತನ್ನದೆಂದು ತೋರಿಸಲು ಆಗುತ್ತಿರಲಿಲ್ಲ. ಹಸಿ ಹಂಚನ್ನು ಹೊತ್ತು ಸಾಗಿಸಿದ ಹೆಂಗಸರಿಗಂತೂ ಆ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ.

ಹಾಗೆಂದು ಯಂತ್ರವನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಆಚೆಮನೆಯವರು ಗೇಣಿ ಒಕ್ಕಲು. ಯಾವತ್ತು ಎಬ್ಬಿಸುತ್ತಾರೋ ಗೊತ್ತಿಲ್ಲದ ಜಾಗದಲ್ಲಿ ಯಾರು ಹಂಚು ಹಾಕಿಸುತ್ತಾರೆ? 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟು, ಜಾಗ ಹೆಸರಿಗಾದ ಮೇಲೆ ಅವರು ಮಾಡಿದ ಮೊದಲ ಕೆಲಸ ಮುಳಿ ಇಳಿಸಿದ್ದು. ಧಣಿಗಳ ಮನೆಯ ಮೇಲಿದ್ದದ್ದೂ ಅದೇ ಅಚ್ಚು, ಅದೇ ಅಳತೆ. ಹಂಚಿನಂಗಡಿಯವನು ದುಡ್ಡು ಎಣಿಸಿದನೇ ಹೊರತು ಕುಲ ಕೇಳಲಿಲ್ಲ. ದುಡ್ಡು ಇಲ್ಲದವನ ಮಾತು ಬೇರೆ. ಅವನಿಗೆ ಮುಳಿಯೂ ಹೋಗಿತ್ತು, ಹೊದೆಸಲು ಬರುವವರೂ ಹೋಗಿದ್ದರು.

ನಾವು ಮಕ್ಕಳಿಗೆ ಹಂಚು ಅಂದರೆ ಓದುವ ವಸ್ತು. ಅಟ್ಟದಲ್ಲಿ ಅಂಗಾತ ಮಲಗಿದರೆ ರೀಪುಗಳ ನಡುವೆ ಸಾಲುಸಾಲಾಗಿ ಇಂಗ್ಲಿಷ್ ಅಕ್ಷರ. ಐದನೇ ತರಗತಿಯಲ್ಲಿ ಮೇಷ್ಟ್ರು ಕಲಿಸುವ ಮೊದಲೇ ನನಗೆ ಅರ್ಧ ಅಕ್ಷರಮಾಲೆ ಬರುತ್ತಿತ್ತು, ಕಾರ್ಖಾನೆಯ ಹೆಸರಿನಲ್ಲಿ ಇಲ್ಲದ ಅಕ್ಷರಗಳನ್ನು ಬಿಟ್ಟು.

ಆಮೇಲೆ ಕಾಂಕ್ರೀಟು ಬಂತು. ಜೇಡಿಮಣ್ಣು ದುಬಾರಿಯಾಯಿತು, ಗೂಡುಗಳು ಒಂದೊಂದಾಗಿ ಆರಿದವು. ಹಳೆಯ ಕಾರ್ಖಾನೆಗಳ ಎಷ್ಟೋ ಜಾಗಗಳಲ್ಲಿ ಈಗ ಬಹುಮಹಡಿ ವಸತಿಗಳಿವೆ. ಊರಲ್ಲೆಲ್ಲ ತಾರಸಿ ಮನೆ. ನಮ್ಮ ಮಳೆಗೆ ತಾರಸಿ ಸೋರತೊಡಗಿದಾಗ ಅದರ ಮೇಲೊಂದು ತಗಡಿನ ಮಾಡು. ಹಂಚಿನ ಕೆಂಪು ಬಣ್ಣವನ್ನೇ ಬಳಿದ ಶೀಟು ಹಾಕಿಸಿದ್ದಾರೆ, ಸಮಾಧಾನಕ್ಕೆ.

ನಮ್ಮದು ಇನ್ನೂ ಹಂಚಿನ ಮಾಡೇ. ಬೇಸಗೆಯಲ್ಲಿ ಹಂಚು ಕೈಯಾಡಿಸಲು ಜನ ಸಿಗುವುದೇ ಕಷ್ಟ. ಆ ಕಷ್ಟದ ಮೇಲೆ ಮಂಗಗಳು. ಈ ವರ್ಷ ಅಡುಗೆಮನೆಯ ಮೇಲೆ ನಾಲ್ಕು ಹಂಚು ಒಡೆದಿದ್ದವು. ಎಲ್ಲವೂ ಒಂದೇ ಥರ ಎಂಬ ಖ್ಯಾತಿಯ ವಸ್ತುವಲ್ಲವೇ, ಪೇಟೆಯಿಂದ ತಂದರಾಯಿತು ಎಂದುಕೊಂಡು ಹೊರಟೆ. ಆದರೆ ಒಂದು ಕಾರ್ಖಾನೆಯ ಹಂಚಿನ ತೋಡಿಗೆ ಇನ್ನೊಂದರ ಅಂಚು ಸರಿಯಾಗಿ ಕೂರುವುದಿಲ್ಲ. ನಮ್ಮ ಹಂಚು ಮಾಡಿದ ಕಾರ್ಖಾನೆಯೋ, ಮುಚ್ಚಿ ಎಷ್ಟೋ ಕಾಲವಾಗಿದೆ. ಕೊನೆಗೆ ಕೆಡವಿದ ಮನೆಗಳ ಸಾಮಾನು ಮಾರುವವನ ಅಂಗಳಕ್ಕೆ ಹೋದೆ. ಒಡೆದ ತುಂಡನ್ನು ತಿರುಗಿಸಿ ಹಿಂಬದಿಯ ಅಕ್ಷರ ಓದಿದ ಅವನು, ರಾಶಿಯೊಂದನ್ನು ತೋರಿಸಿದ. ಬೆಲೆ ಕೇಳಿದರೆ ಹೊಸದಕ್ಕಿಂತ ಹೆಚ್ಚು. ಪೇಟೆಯ ಹೋಟೆಲಿನವರು ಅಲಂಕಾರಕ್ಕೆ ಒಯ್ಯುತ್ತಾರಂತೆ.

‘ನಾಲ್ಕು ಸಾಕು’ ಎಂದೆ.

‘ನಲವತ್ತು ತಕೊಂಡು ಹೋಗಿ ಮಾರಾಯ್ರೆ’ ಎಂದ. ‘ಕಾರ್ಖಾನೆ ಮುಚ್ಚಿದೆ, ಮಂಗ ಉಂಟಲ್ಲ?’