ಅಲ್ಲಿ ಲೆಕ್ಕ ಸುಲಭವಾ? ಮಾಚೇನಹಳ್ಳಿಯ ಟಿಪ್ಪಣಿಗಳು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಬಸ್ಸುಗಳಲ್ಲಿ ಎರಡು ಬಗೆಯ ಜನ. ಗಾರ್ಮೆಂಟ್ಸಿಗೆ, ಫೌಂಡ್ರಿಗೆ, ಶಿಮುಲ್ ಡೇರಿಗೆ ಹೋಗುವವರು ಮಾಚೇನಹಳ್ಳಿಯಲ್ಲಿ ಇಳಿಯುತ್ತಾರೆ. ಕಾಲೇಜಿನ ಮಕ್ಕಳು ಮುಂದಕ್ಕೆ ಹೋಗುತ್ತಾರೆ. ಎಷ್ಟೋ ಮನೆಗಳಲ್ಲಿ ಇಲ್ಲಿ ಇಳಿಯುವವರ ಸಂಬಳವೇ ಮುಂದೆ ಹೋಗುವವರ ಫೀಸು. ಹಾಗಾಗಿ ‘ನಾನು ಕಾಲೇಜು ಬದಲಾಯಿಸ್ತೀನಿ’ ಅನ್ನುವುದು ಇಲ್ಲಿ ಒಬ್ಬರ ಮಾತಾಗಿ ಉಳಿಯುವುದಿಲ್ಲ. ಮೊದಲ ಸೆಮಿಸ್ಟರು ನಡೆಯುವ ತಿಂಗಳುಗಳಲ್ಲಿ ಈ ಮಾತು ಬಸ್ಸಿನಲ್ಲಿ ಪದೇ ಪದೇ ಕಿವಿಗೆ ಬೀಳುತ್ತದೆ.

*

ಪಕ್ಕದಲ್ಲಿ ಕೂತಿದ್ದ ತಾಯಿ ಗಾರ್ಮೆಂಟ್ಸಿನವರು. ಮಗ ಮೊದಲ ವರ್ಷದ ಬಿಇ. ಸಹಿ ಹಾಕಿಸಿಕೊಂಡು ಬಾ ಎಂದು ಕಾಲೇಜಿನಲ್ಲಿ ಕೊಟ್ಟಿದ್ದ ಗಣಿತದ ಇಂಟರ್ನಲ್ಸಿನ ಬ್ಲೂ ಬುಕ್ ಅನ್ನು ಅವರು ತೊಡೆಯ ಮೇಲೆ ಬಿಚ್ಚಿದರು. ಮೊದಲ ಪ್ರಶ್ನೆಗೆ ಎರಡು ಪುಟ, ಅಲ್ಲಲ್ಲಿ ಹೊಡೆದುಹಾಕಿ ಮತ್ತೆ ಬರೆದದ್ದು. ನಾಲ್ಕನೇ ಹೆಜ್ಜೆಯವರೆಗೂ ಕೆಂಪು ಇಂಕಿನ ಸರಿ ಗುರುತುಗಳಿದ್ದವು. ಎರಡನೆಯದಕ್ಕೆ ಪ್ರಶ್ನೆಯ ಸಂಖ್ಯೆ ಮಾತ್ರ ಬರೆದು ಕೆಳಗೆ ಗೆರೆ ಎಳೆದಿದ್ದ. ಮಿಕ್ಕ ಪುಟಗಳೆಲ್ಲ ಖಾಲಿ. ಹುಡುಗ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

‘ಬೆಂಗಳೂರಲ್ಲಿ ಯಾವುದಾದ್ರೂ ಕಾಲೇಜಿಗೆ ಸೇರಿಸು ಅಂತಾನೆ ಸಾರ್. ಅಲ್ಲಿ ಲೆಕ್ಕ ಸುಲಭವಾ?’

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಸ್ಟಾಪ್ ಬಂತು. ಇಷ್ಟು ಸರಿಯಾದ ಪ್ರಶ್ನೆಯನ್ನು ಈ ವಿಷಯದಲ್ಲಿ ಇನ್ಯಾರೂ ಕೇಳಿದ್ದನ್ನು ನಾನು ಕಾಣೆ.

*

ಅವರಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ. ಬಿಇ ಕಾಲೇಜುಗಳನ್ನು ನೋಡಿಕೊಳ್ಳುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು. ಅದರಡಿಯ ಕಾಲೇಜು ಸ್ವಾಯತ್ತವಲ್ಲದಿದ್ದರೆ, ಅದು ಶಿವಮೊಗ್ಗದಲ್ಲಿರಲಿ ಬೆಂಗಳೂರಿನಲ್ಲಿರಲಿ, ಪಠ್ಯಕ್ರಮ ಒಂದೇ, ಸೆಮಿಸ್ಟರಿನ ಕೊನೆಯ ಪ್ರಶ್ನೆಪತ್ರಿಕೆಯೂ ಒಂದೇ. ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಲ್ಲರಿಗೂ ಇದ್ದದ್ದೇ. ಕಾಲೇಜಿನ ಒಳಗಿನ ಅಂಕ 50, ಹೊರಗಿನ ಪರೀಕ್ಷೆಯದು 50. ಸ್ವಾಯತ್ತ ಕಾಲೇಜಿನ ಪಠ್ಯಕ್ರಮ ಬೇರೆಯಾದ್ದರಿಂದ, ಓದಿದ್ದನ್ನೂ ಓದಬೇಕಾದ್ದನ್ನೂ ಹೊಂದಿಸುವ ಕೆಲಸ ಹೆಚ್ಚುತ್ತದೆಯೇ ಹೊರತು ಗಣಿತ ಮಾಯವಾಗುವುದಿಲ್ಲ. ಮೇಷ್ಟರು ಬದಲಾಗುತ್ತಾರೆ, ಗೆಳೆಯರು ಬದಲಾಗುತ್ತಾರೆ, ರೂಮು, ಊಟ ಬದಲಾಗುತ್ತದೆ. ಲೆಕ್ಕ ಮಾತ್ರ ಅದೇ ಲೆಕ್ಕ, ತಾಯಿ.

*

ಕಾಲೇಜು ಬದಲಿಸುವ ಮಾತು ಬಂದಾಗ ಗಣಿತಜ್ಞ ರಾಮಾನುಜನ್ ನೆನಪಾಗುತ್ತಾರೆ. 1904ರಲ್ಲಿ ಕುಂಭಕೋಣಂ ಸರ್ಕಾರಿ ಕಾಲೇಜಿಗೆ ಸ್ಕಾಲರ್‌ಶಿಪ್ ಪಡೆದೇ ಸೇರಿದರು. ಗಣಿತ ಬಿಟ್ಟು ಬೇರೆ ಯಾವುದೂ ತಲೆಗೆ ಹತ್ತಲಿಲ್ಲ, ಸ್ಕಾಲರ್‌ಶಿಪ್ ಹೋಯಿತು. 1905ರಲ್ಲಿ ಮನೆಯಲ್ಲಿ ಹೇಳದೆ ವಿಶಾಖಪಟ್ಟಣಕ್ಕೆ ಹೊರಟುಹೋದರು. 1906ರಲ್ಲಿ ಮದರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಸೇರಿದರು. ಅಲ್ಲೂ ಗಣಿತದಲ್ಲಿ ಮುಂದು, ಶರೀರಶಾಸ್ತ್ರದಂಥ ವಿಷಯಗಳಲ್ಲಿ ಹಿಂದು. ಪದವಿಗೆ ಮುಂಚಿನ ಎಫ್.ಎ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ನಪಾಸು. ಊರು ಬದಲಾಯಿತು, ಕಾಲೇಜು ಬದಲಾಯಿತು, ತೊಡಕು ಅವರ ಜೊತೆಗೇ ಹೋಯಿತು. 1910ರಲ್ಲಿ, ಭಾರತೀಯ ಗಣಿತ ಸಂಘ ಕಟ್ಟಿದ ವಿ. ರಾಮಸ್ವಾಮಿ ಅಯ್ಯರ್, ರಾಮಾನುಜನ್ ಅವರ ನೋಟ್‌ಬುಕ್ಕನ್ನು ತೆರೆದು ನಿಜವಾಗಿ ನೋಡಿದರು. ಅಲ್ಲಿಂದಾಚೆಗೆ ದಾರಿ ತೆರೆಯಿತು.

ಬ್ಲೂ ಬುಕ್ಕಿನ ಹುಡುಗ ನಾಲ್ಕನೇ ಹೆಜ್ಜೆಯವರೆಗೆ ಸರಿಯಾಗಿಯೇ ಹೋಗಿದ್ದ. ಐದನೆಯದರಲ್ಲಿ ಯಾಕೆ ನಿಂತ ಅಂತ ಯಾರಾದರೂ ಕೇಳಿದರಾ?

*

ಹಾಗಂತ ಎಲ್ಲರ ಕಷ್ಟವೂ ಜೊತೆಗೆ ಬರುವಂಥದ್ದಲ್ಲ. ಸಾಗರದ ಕಡೆಯ ಹುಡುಗಿಯೊಬ್ಬಳು ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಅಂಕ ಚೆನ್ನಾಗಿದೆ. ಹಾಸ್ಟೆಲಿನಲ್ಲಿ ಊಟಕ್ಕೆ ಕೂರುವಾಗ ಪಕ್ಕದಲ್ಲಿ ಯಾರೂ ಇರುವುದಿಲ್ಲ ಅನ್ನುವುದೇ ಅವಳ ಕಷ್ಟ. ಸಾಗರದ ಕಾಲೇಜಿಗೆ ಬಂದರೆ ದಿನಾ ಮನೆಗೆ ಹೋಗಬಹುದು. ಎರಡೂ ಕಡೆ ಕುವೆಂಪು ವಿಶ್ವವಿದ್ಯಾಲಯದ್ದೇ ಪಾಠವಾದ್ದರಿಂದ ಓದಿಗೆ ದೊಡ್ಡ ಅಡ್ಡಿಯಿಲ್ಲ. ಅವಳ ಕಷ್ಟ ಬಹುಶಃ ಶಿವಮೊಗ್ಗದಲ್ಲೇ ಉಳಿದೀತು.

ಇನ್ನೊಬ್ಬ ಭದ್ರಾವತಿಯ ಹುಡುಗ. 1923ರಲ್ಲಿ ಕಬ್ಬಿಣದ ಉತ್ಪಾದನೆ ಶುರುವಾದ ಊರು. ಅವನ ಅಜ್ಜನಿಗೂ ಅಪ್ಪನಿಗೂ ಅನ್ನ ಕೊಟ್ಟದ್ದು ಆ ಕಬ್ಬಿಣದ ಕಾರ್ಖಾನೆ. ಮನೆಯವರು ಮೆಕ್ಯಾನಿಕಲ್ ಕೊಡಿಸಿದರು. ಅವನು ಕಾಲೇಜು ಸರಿ ಇಲ್ಲ ಅನ್ನುತ್ತಾನೆ. ಮಾತಿಗೆ ಕೂರಿಸಿದರೆ ತಿಳಿಯುತ್ತದೆ, ಅವನಿಗೆ ಬೇಡವಾಗಿರುವುದು ಬ್ರಾಂಚು. ಬೇರೆ ಕಾಲೇಜಿನ ಮೆಕ್ಯಾನಿಕಲ್ ಕೂಡ ಅವನಿಗೆ ಇಷ್ಟೇ ಬೇಸರ ತರಿಸುತ್ತದೆ. ಅವನು ಕೇಳಬೇಕಾದ್ದು ಬ್ರಾಂಚ್ ಬದಲಾವಣೆ. ಆದರೆ ಅಪ್ಪನ ಮುಂದೆ ಕಾಲೇಜನ್ನು ಬೈಯುವುದು ಸುಲಭ, ಅಪ್ಪನ ಆಯ್ಕೆಯನ್ನು ಬೇಡ ಅನ್ನುವುದು ಕಷ್ಟ.

ಮೂವರ ಬಾಯಲ್ಲೂ ಇದ್ದದ್ದು ‘ಕಾಲೇಜು ಬದಲಾಯಿಸ್ತೀನಿ’ ಅನ್ನುವ ಒಂದೇ ಮಾತು.

*

ಕಾಲೇಜು ಬಿಡುವ, ಬದಲಿಸುವ ನಿಯಮಗಳ ದಿನಾಂಕಗಳನ್ನು ಸಾಲಾಗಿ ಬರೆದು ನೋಡಿದೆ. ಪದವಿ ಕಾಲೇಜುಗಳಿಗೆ ಯುಜಿಸಿಯ 2018ರ ಅಧಿಸೂಚನೆ ಹೀಗಿದೆ: ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಫೀಸು ಪೂರ್ತಿ ವಾಪಸ್, ಅದಾದ ಮೇಲೆ ಕೊನೆಯ ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50. ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಯನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತಲೂ ಅದೇ ಅಧಿಸೂಚನೆ ಹೇಳುತ್ತದೆ. ಸಿಇಟಿ ಸೀಟಿಗೆ, ಅದನ್ನು ಹಂಚುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ನಿಯಮಗಳೇ ಬೇರೆ. ಬಿಇಯಲ್ಲಿ ಮೊದಲ ವರ್ಷದ ನಡುವೆ ಕಾಲೇಜು ಬದಲಿಸಲು ಬರುವುದಿಲ್ಲ. ಮೂರನೇ ಸೆಮಿಸ್ಟರ್ ಶುರುವಾಗುವಾಗ, ಹೋಗಬೇಕೆಂದಿರುವ ಕಾಲೇಜಿನಲ್ಲಿ ಸೀಟು ಖಾಲಿ ಇದ್ದು, ಎರಡೂ ಕಾಲೇಜುಗಳು ಒಪ್ಪಿ, ವಿಟಿಯು ಅನುಮತಿ ಕೊಟ್ಟರೆ ಮಾತ್ರ ಆಗುತ್ತದೆ.

ಅಂದರೆ ದುಡ್ಡು ವಾಪಸ್ ಸಿಗುವ ಬಾಗಿಲು ಮೊದಲ ಇಂಟರ್ನಲ್ಸಿಗೆ ಮುಂಚೆಯೇ ಮುಚ್ಚಿಹೋಗಿರುತ್ತದೆ. ಬೇರೆ ಕಾಲೇಜಿನ ಬಾಗಿಲು ತೆರೆಯಲು ಎರಡು ಸೆಮಿಸ್ಟರ್ ಕಾಯಬೇಕು. ಮಗು ಅತಿ ಹೆಚ್ಚು ಒದ್ದಾಡುವುದು ಇವೆರಡರ ನಡುವಿನ ತಿಂಗಳುಗಳಲ್ಲಿ. ನಮ್ಮ ನಿಯಮಗಳು ಆ ತಿಂಗಳುಗಳ ಬಗ್ಗೆ ಏನೂ ಹೇಳುವುದಿಲ್ಲ, ಯಾಕೆ?

*

ಆ ತಿಂಗಳುಗಳಲ್ಲಿ ಆಗುವ ಕೆಲಸ ಇದೆ ಅನ್ನುವುದಕ್ಕೆ ಹೊರದೇಶದ ಒಂದು ಸಾಕ್ಷಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ವರ್ಷದವರಿಗೆ ಸೀನಿಯರ್‌ಗಳ ಅನುಭವವನ್ನು ಓದಲು ಕೊಟ್ಟರು. ‘ನಮಗೂ ಮೊದಲು ಇದು ನಮ್ಮ ಜಾಗವಲ್ಲ ಅನ್ನಿಸಿತ್ತು, ನಿಧಾನವಾಗಿ ಸರಿಹೋಯಿತು’ ಅನ್ನುವುದು ಅದರ ತಿರುಳು. ಹತ್ತಿರಹತ್ತಿರ ಒಂದು ಗಂಟೆಯ ಕೆಲಸ ಅದು. ಅದನ್ನು ಓದಿದ ಕಪ್ಪು ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಏರುತ್ತಾ ಹೋದವು. ಅದೇ ದೇಶದಲ್ಲಿ 1965ರಷ್ಟು ಹಿಂದೆಯೇ ಜಾನ್ ಹಿಲ್ಸ್ ಎಂಬುವರು, ಎರಡು ವರ್ಷದ ಜೂನಿಯರ್ ಕಾಲೇಜುಗಳಿಂದ ಬೇರೆ ಕಾಲೇಜಿಗೆ ಹೋದವರ ಅಂಕ ಮೊದಲ ಅವಧಿಯಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ ಎಂದು ತೋರಿಸಿದ್ದರು. ಹೋಗುವವರಿಗೆ ಇದನ್ನು ಮುಂಚೆಯೇ ಹೇಳಬೇಕು, ಇಲ್ಲದಿದ್ದರೆ ಅಲ್ಲಿಂದಲೂ ಓಡಬೇಕು ಅನ್ನಿಸುತ್ತದೆ.

ನಮ್ಮ ಕಾಲೇಜುಗಳಲ್ಲಿ ಫ್ರೆಶರ್ಸ್ ಡೇ ಇದೆ. ಹಾಡು, ಕುಣಿತ ಇರಲಿ. ಅದರ ಜೊತೆಗೆ, ಮೊದಲ ಸೆಮಿಸ್ಟರಿನಲ್ಲಿ ಫೇಲಾಗಿ ಈಗ ಚೆನ್ನಾಗಿ ಓದುತ್ತಿರುವ ಸೀನಿಯರ್ ಒಬ್ಬರನ್ನು ಮೈಕಿನ ಮುಂದೆ ಯಾಕೆ ನಿಲ್ಲಿಸುವುದಿಲ್ಲ?

*

ಕಾಯಬಾರದ ಕಷ್ಟವೂ ಇದೆ. ರ‍್ಯಾಗಿಂಗ್, ಕಿರುಕುಳ, ಜಾತಿಯ ಹೆಸರಿನ ಅವಮಾನ. ಇಂಥಲ್ಲಿ ಮಗುವಿಗೆ ‘ಹೊಂದಿಕೊಂಡು ಹೋಗು’ ಅನ್ನುವುದು ಅನ್ಯಾಯ. ಯುಜಿಸಿ 2009ರಲ್ಲೇ ರ‍್ಯಾಗಿಂಗ್ ವಿರುದ್ಧ ನಿಯಮ ಮಾಡಿದೆ. ಸಹಾಯವಾಣಿ 1800-180-5522. ನಿದ್ದೆ, ಊಟ ಬಿಟ್ಟು ಮಂಕಾಗಿರುವ ಮಗುವಿಗೆ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಕಾಲೇಜಿನ ತೀರ್ಮಾನ ಆಮೇಲೆ, ಮಗು ಮೊದಲು.

*

ಬಿಡಿಸಲಾಗದ ಒಂದು ಒಗಟು: ಬಿಟ್ಟು ಹೋದವರನ್ನು ಕೇಳಿದರೆ ‘ಹೋಗಿದ್ದೇ ಒಳ್ಳೇದಾಯ್ತು’ ಅನ್ನುತ್ತಾರೆ. ಉಳಿದವರು ‘ಉಳಿದಿದ್ದೇ ಒಳ್ಳೇದಾಯ್ತು’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇನ್ನೊಂದು ದಾರಿಯಲ್ಲಿ ನಡೆದಿದ್ದರೆ ಏನಾಗುತ್ತಿತ್ತು ಅಂತ ಇಬ್ಬರಿಗೂ ಗೊತ್ತಿಲ್ಲ. ಹಾಗಾಗಿ ‘ಅವನು ಬಿಟ್ಟ, ನೀನೂ ಬಿಡು’, ‘ಅವಳು ತಡೆದುಕೊಂಡಳು, ನೀನೂ ತಡೆದುಕೋ’ ಎರಡೂ ಕೆಲಸಕ್ಕೆ ಬಾರದ ಬುದ್ಧಿವಾದ.

*

ಕೊನೆಗೆ ಟೀಸಿ ಕೇಳುವ ಅರ್ಜಿ. ಕಾರಣ ಬರೆಯಬೇಕಾದಲ್ಲಿ ಮಕ್ಕಳು ಬರೆಯುವುದು ‘ವೈಯಕ್ತಿಕ’ ಅಥವಾ ‘ಮನೆಯ ಪರಿಸ್ಥಿತಿ’. ಆಫೀಸಿನಲ್ಲಿ ಬಾಕಿ ಫೀಸು ನೋಡುತ್ತಾರೆ, ಲೈಬ್ರರಿಯ ನೋ ಡ್ಯೂ ನೋಡುತ್ತಾರೆ, ಸಹಿ ಆಗುತ್ತದೆ. ಐದನೇ ಹೆಜ್ಜೆ, ಊಟದ ಮೇಜು, ಅಪ್ಪನ ಮೆಕ್ಯಾನಿಕಲ್ ಯಾವ ಕಡತಕ್ಕೂ ಬರುವುದಿಲ್ಲ. ಮಕ್ಕಳು ಯಾಕೆ ಬಿಟ್ಟು ಹೋಗುತ್ತಾರೆ ಅನ್ನುವುದು ಕಾಲೇಜಿಗೆ ಕೊನೆಗೂ ತಿಳಿಯುವುದಿಲ್ಲ. ಟೀಸಿಗೆ ಸಹಿ ಹಾಕುವ ಮುಂಚೆ ಒಬ್ಬ ಮೇಷ್ಟರು ಅರ್ಧ ಗಂಟೆ ಎದುರು ಕೂರಿಸಿಕೊಂಡು ನಿಜವಾದ ಕಾರಣ ಕೇಳಲಿ, ಹೆಸರಿಲ್ಲದೆ ಅದನ್ನು ಬರೆದಿಡಲಿ. ಕೇಳಿದ ಮೇಲೂ ಹೋಗುತ್ತೇನೆ ಅಂದವರನ್ನು ಗೌರವದಿಂದ ಕಳಿಸಿಕೊಡಲಿ. ಬರೆದಿಟ್ಟದ್ದು ಮುಂದಿನ ಜೂನಿನಲ್ಲಿ ಬರುವ ಮಕ್ಕಳಿಗೆ ಬೇಕಾಗುತ್ತದೆ.